ಹದಿಮೂರು ಹಸಿರು ಬಳೆ

ಕೋವಿಡ್ ಮುಗಿದ ಮೇಲಿನ ಎರಡನೆಯ ಸೀಸನ್. ನಾನು ಆಗ ಕರಾವಳಿಯ ಮೂಲೆಯೊಂದರ ಸಿಗಡಿ ಸಂಸ್ಕರಣಾ ಘಟಕದಲ್ಲಿ ಕ್ವಾಲಿಟಿ ಸೂಪರ್‌ವೈಸರ್ ಆಗಿದ್ದೆ. ಘಟಕದ ಹೆಸರು ಹೇಳುವುದಿಲ್ಲ, ಏಕೆಂದರೆ ಇದು ಅದರ ತಪ್ಪಿನ ಕಥೆಯಲ್ಲ, ನನ್ನ ತಪ್ಪಿನ ಕಥೆ. ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ಅಲ್ಲಿಂದ ಹೋಗಿ ಆ ಘಟಕದಲ್ಲಿ ಸೂಪರ್‌ವೈಸರ್ ಆದ ಮೊದಲ ಹೆಂಗಸು ನಾನು. ಆ ಹೆಮ್ಮೆ ನನಗೆ ತುಸು ಹೆಚ್ಚೇ ಇತ್ತು.

ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿದರೆ ನಮಗೆ ಕೈ ಸಾಲುತ್ತಿರಲಿಲ್ಲ. ಆ ವರ್ಷ ನಾನೇ ನಮ್ಮೂರ ಪಕ್ಕದ ರಾವೂರಿಗೆ ಹೋಗಿ ಎಂಟು ಹೆಂಗಸರನ್ನು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿಸಿ ಕರೆತಂದೆ. ಅವರಲ್ಲಿ ಶರಣಮ್ಮ ಒಬ್ಬಳು. ಕಲ್ಲಿನ ಗಣಿಯಲ್ಲಿ ದುಡಿದ ಆಕೆಯ ಗಂಡನ ಎದೆಯಲ್ಲಿ ದೂಳು ಕೂತು, ಆತ ಹಾಸಿಗೆ ಹಿಡಿದಿದ್ದ. ಮನೆ ನಡೆಯುವುದು ಇನ್ನು ಈಕೆಯ ಕೈಯಿಂದಲೇ.

ಸಿಗಡಿ ಸುಲಿಯುವ ಕೋಣೆಗೆ ಬಳೆ, ಉಂಗುರ, ಕಾಲುಂಗುರ, ದಾರ ಯಾವುದೂ ಹೋಗಕೂಡದು. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ನೋಡಿ, ಹೈಜೀನ್ ರಿಜಿಸ್ಟರಿನಲ್ಲಿ 'ಆಭರಣ ಇಲ್ಲ' ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಉಳಿದವರೆಲ್ಲ ಗೊಣಗುತ್ತಲೇ ತೆಗೆದು ಲಾಕರಿಗೆ ಹಾಕಿದರು. ಶರಣಮ್ಮ ಕದಲಲಿಲ್ಲ.

"ಮನಿಯಾಗ ಗಂಡ ಹಾಸಗಿ ಹಿಡದಾನ್ರಿ ಅಕ್ಕಾರ. ಇಂಥಾ ಹೊತ್ತಿನ್ಯಾಗ ಕೈ ಬರಿದು ಮಾಡಂದ್ರ ಹ್ಯಾಂಗ್ರಿ? ಬೇಕಾದ್ರ ನನ್ನ ವಾಪಸ್ ಕಳಸ್ರಿ."

ನಮ್ಮ ಕಡೆ ಬಳೆಗಾರ ಕೂಡ ಒಂದು ಕೈ ತುಂಬಿಸಿದ ಮೇಲೆಯೇ ಇನ್ನೊಂದು ಕೈಯ ಹಳೆಯ ಬಳೆ ಇಳಿಸುತ್ತಾನೆ. ಗಂಡ ಬದುಕಿರುವಾಗ ಎರಡೂ ಕೈ ಒಮ್ಮೆಲೇ ಬರಿದಾಗಬಾರದು. ಇದು ನನಗೆ ಗೊತ್ತಿದ್ದದ್ದೇ. ಮನಸ್ಸು ಕರಗಿತು. ಹಸಿರು ಗಾಜಿನ ಬಳೆಗಳನ್ನು ಎಣಿಸಿ, ಮೊಳಕೈಯತ್ತ ಸರಿಸಿ, ಬಟ್ಟೆ ಸುತ್ತಿ ಬಿಗಿದು, ಮೇಲೆ ಎಲ್ಲರೂ ಹಾಕುವ ಪ್ಲಾಸ್ಟಿಕ್ ತೋಳುಚೀಲ ಹಾಕಿಸಿದೆ. ರಿಜಿಸ್ಟರಿನಲ್ಲಿ ಎಂದಿನಂತೆ 'ಇಲ್ಲ' ಎಂದು ಬರೆದೆ. ಹೀಗೆ ನಲವತ್ತೆರಡು ದಿನ ಬರೆದೆ, ಸಹಿ ಹಾಕಿದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ನಲವತ್ತಮೂರನೆಯ ದಿನ ಮಧ್ಯಾಹ್ನ, ತೊಳೆದ ಸಿಗಡಿಯ ಟ್ರೇ ಒಂದರಲ್ಲಿ ಉಗುರಿನಷ್ಟು ಹಸಿರು ಗಾಜಿನ ಚೂರು ಸಿಕ್ಕಿತು. ಎಂಟುನೂರು ಕಿಲೋ ಸರಕು ಅಲ್ಲೇ ನಿಂತಿತು. ಮ್ಯಾನೇಜರ್ ಬಂದು ಎಲ್ಲರ ತೋಳುಚೀಲ ಬಿಚ್ಚಿಸಿದರು. ಶರಣಮ್ಮನ ತೋಳಿನಲ್ಲಿ ಹಸಿರು ಬಳೆ.

"ಬಳೆ ಹಾಕ್ಕೊಂಡು ಒಳಗೆ ಹೋಗ್ಲಿಕ್ಕೆ ಇವಳನ್ನು ಬಿಟ್ಟದ್ದು ಯಾರು?" ಎಂದು ಮ್ಯಾನೇಜರ್ ಕೇಳಿದರು.

ಆಕೆ ನನ್ನ ಕಡೆ ನೋಡಿದಳು. ಹೆಸರು ಹೇಳಲಿಲ್ಲ. ನಾನೇ ಹೇಳುತ್ತೇನೆಂದು ಕಾದಳು ಅಷ್ಟೆ. ಆಮೇಲೆ ಎರಡೂ ಕೈ ನನ್ನ ಮುಂದೆ ಚಾಚಿದಳು.

"ಎಣಿಸ್ರಿ ಅಕ್ಕಾರ. ಎಡಗೈಯಾಗ ಆರು, ಬಲಗೈಯಾಗ ಏಳು. ಕಟ್ಟೋ ಮುಂದ ನೀವೇ ನೋಡೀರಿ. ಒಂದ ಕಡಿಮಿ ಇದ್ರೂ ನಾನೇ ಹೊಂಟ ಹೋಗತೀನಿ."

ಎಣಿಸಲು ಒಂದು ನಿಮಿಷ ಬೇಕಿರಲಿಲ್ಲ. ಆದರೆ ಎಣಿಸಿದರೆ, ಎಷ್ಟು ಬಳೆ ಇದ್ದವೆಂಬುದು ನನಗೆ ಮೊದಲೇ ಗೊತ್ತಿತ್ತೆಂದು ಒಪ್ಪಿದಂತೆ. ನಲವತ್ತೆರಡು ಸುಳ್ಳು ಸಹಿಗಳು ಹೊರಬೀಳುತ್ತಿದ್ದವು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

"ನನಗೆ ಗೊತ್ತಿರಲಿಲ್ಲ ಸರ್. ಮುಚ್ಚಿಟ್ಟುಕೊಂಡಿದ್ದಾಳೆ" ಎಂದೆ.

ಅದನ್ನೇ ವರದಿಯಲ್ಲೂ ಬರೆದೆ. ಮರುದಿನ ಶರಣಮ್ಮನನ್ನು ಊರಿಗೆ ಕಳಿಸಿದರು. ಜೊತೆಗೆ ಬಂದ ಏಳು ಹೆಂಗಸರು ಕೆಲಸ ಬಿಡಲಿಲ್ಲ, ಆದರೆ ಅಂದಿನಿಂದ ನನ್ನೊಡನೆ ಮಾತು ಬಿಟ್ಟರು.

ಒಂಬತ್ತು ದಿನಗಳ ನಂತರ ಮಂಜುಗಡ್ಡೆ ಪುಡಿ ಮಾಡುವ ಯಂತ್ರವನ್ನು ತೊಳೆಯಲು ಬಿಚ್ಚಿದರು. ಹಲ್ಲುಗಳ ನಡುವೆ ಹಸಿರು ಸೋಡಾ ಬಾಟಲಿಯ ಒಡೆದ ಕತ್ತು ಸಿಕ್ಕಿಕೊಂಡಿತ್ತು. ನಾನು ಎತ್ತಿಟ್ಟಿದ್ದ ಚೂರು ಅದರ ಅಂಚಿಗೆ ಸರಿಯಾಗಿ ಕೂತಿತು. ಎರಡನ್ನೂ ಹಿಡಿದು ಮ್ಯಾನೇಜರ್ ಬಳಿ ಓಡಿದೆ. ವರದಿ ತಿದ್ದೋಣ, ಆಕೆಯನ್ನು ವಾಪಸ್ ಕರೆಸೋಣ ಎಂದೆ.

"ಮುಗಿದ ವಿಷಯ ಯಾಕೆ ಮೇಡಮ್? ವರದಿ ತಿದ್ದಿದರೆ ನಿಮ್ಮ ರಿಜಿಸ್ಟರೂ ಹೊರಗೆ ಬರ್ತದೆ" ಎಂದರು ಅವರು, ಮೃದುವಾಗಿಯೇ.

ಅವರಿಗೆ ಎಲ್ಲ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಬಂದೆ.

ಜೂನಿನಲ್ಲಿ ಮೀನುಗಾರಿಕೆ ನಿಷೇಧ ಬಂದು ಘಟಕ ಮುಚ್ಚಿದಾಗ ರಾವೂರಿಗೆ ಹೋದೆ. "ಬರ್ರಿ ಅಕ್ಕಾರ, ಕುಂದ್ರಿ" ಎಂದು ಶರಣಮ್ಮ ಚಾಪೆ ಹಾಸಿದಳು, ಚಹಾ ಕೊಟ್ಟಳು. ಒಳಗೆ ಗಂಡ ಕೆಮ್ಮುತ್ತಿದ್ದ. ನಾನು ಬಾಟಲಿಯ ವಿಷಯ ಹೇಳಿದೆ. ಆಗಸ್ಟಿಗೆ ಬಾ, ಬೇರೆ ಘಟಕದಲ್ಲಿ ಹೇಳಿ ಕೆಲಸ ಕೊಡಿಸುತ್ತೇನೆ ಎಂದೆ.

ಆಕೆ ಎದ್ದು ಹೋಗಿ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದಳು.

"ಬಳಿಗಾರ ಬಂದಾಗ ಹೊಸಾವು ಹಾಕಸ್ಕೊಂಡು, ಹಳೇವು ಒಡೀಲಾರದಂಗ ತಗಸಿ ಇಟ್ಟೀನ್ರಿ. ನೀವು ಒಂದಿನ ಬರ್ತೀರಂತ ಗೊತ್ತಿತ್ತು. ಎಣಿಸ್ರಿ."

ಎಣಿಸಿದೆ. ಹದಿಮೂರು.

"ಬರೋಬ್ಬರಿ ಅದಾವಲ್ರಿ?"

"ಅದಾವ" ಎಂದೆ.

"ನೌಕರಿ ಬ್ಯಾಡ್ರಿ ನನಗ. ಕಳವು ಮಾಡಿ ಓಡಿ ಬಂದಾಳ ಅಂತ ಊರ ತುಂಬಾ ಆಡ್ಕೊಳ್ಳಾಕತ್ತಾರ. ಅಗಸಿ ಕಟ್ಟಿ ಮ್ಯಾಲ ಮಂದಿ ಕುಂತಾರ. ಈಕಿದು ತಪ್ಪಿಲ್ಲ, ನಂದು ತಪ್ಪು ಅಂತ ಒಮ್ಮಿ ಹೇಳಿ ಹೋಗ್ರಿ. ಭಾಳ ದೂರ ಇಲ್ರಿ."

ಊರ ಹೆಬ್ಬಾಗಿಲಾದ ಅಗಸೆ ಕಾಣುತ್ತಲೇ ಇತ್ತು. ಕಟ್ಟೆಯ ಮೇಲೆ ಏಳೆಂಟು ಜನ ಇದ್ದರು. ನಾನು ಅವರ ಮುಂದೆಯೇ ಹಾದು ಹೋಗಬೇಕಿತ್ತು, ಹಾದು ಹೋದೆ. ಶಹಾಬಾದಿನ ಬಸ್ಸಿಗೆ ಹೊತ್ತಾಯಿತು ಎಂದು ಶರಣಮ್ಮನಿಗೆ ಹೇಳಿದ್ದೆ. ಬಸ್ಸು ಬರಲು ಇನ್ನೂ ಒಂದು ತಾಸು ಇತ್ತು.

ಇಪ್ಪತ್ತೇಳು ವರ್ಷ ಬೇರೆಯವರ ಕೈ ಶುದ್ಧವಿದೆಯೇ ಎಂದು ನೋಡಿ ಸಹಿ ಹಾಕಿದವಳು ನಾನು. ನಿಯಮ ಸಡಿಲಿಸಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಸಡಿಲಿಸಿದವಳು ನಾನೇ ಎಂದು ಹೇಳುವ ಧೈರ್ಯವಿಲ್ಲದಿದ್ದರೆ ಕನಿಕರ ತೋರಿಸಲೇಬಾರದು ಎಂಬುದನ್ನು ಆ ನೌಕರಿ ನನಗೆ ಕಲಿಸಿತು. ಅಂದು ರಾವೂರಿನ ಕಟ್ಟೆಯ ಮುಂದೆ ಹೇಳದೆ ಬಂದದ್ದನ್ನು ಈಗ ಇಲ್ಲಿ ಬರೆದಿದ್ದೇನೆ. ಶರಣಮ್ಮನಿಗೆ ಓದಲು ಬರುವುದಿಲ್ಲ.