ಮೆಣಸಿನಕಾಯಿ ಕಟ್ಟಿದ ವೈರುಗಳು

ಬ್ಯಾಡಗಿಯ ನಮ್ಮ ಮನೆಯ ಮುಂಗೋಡೆಯ ಮೇಲೆ ಹತ್ತು ವೈರುಗಳಿದ್ದವು. ಯಾವುದು ಚಾಲೂ, ಯಾವುದು ಬಂದ್ ಎಂಬುದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಲ್ಯಾಂಡ್‌ಲೈನ್ ಹೋಗಿ ಎಷ್ಟೋ ವರ್ಷವಾಗಿತ್ತು, ಅದರ ವೈರು ಇತ್ತು. ಕೇಬಲ್ ಟಿ.ವಿ. ಬಿಡಿಸಿದ್ದೆವು, ಅದರದ್ದೂ ಇತ್ತು. ನನ್ನ ಮದುವೆಯ ಹಂದರದ ದೀಪಕ್ಕೆ ಎಳೆದದ್ದು ಕೂಡ ಅಲ್ಲೇ ಜೋತಾಡುತ್ತಿತ್ತು. ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ತೆಗೆಸೋಣ ಎಂದಾಗಲೆಲ್ಲ ನಮ್ಮವ್ವ "ಇರ್ಲಿ ಬಿಡು, ಅರಿವಿ ಒಣಾ ಹಾಕಾಕ ಬರ್ತೈತಿ" ಎನ್ನುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಹಸಿ ಟವೆಲ್ ಹಾಕುವಾಗ ಆ ಅವ್ವನಿಗೇ ಶಾಕ್ ಹೊಡೆಯಿತು. ದೇವರು ದೊಡ್ಡವನು, ಕೈ ಜುಮ್ಮೆಂದದ್ದಷ್ಟೇ. ಆದರೆ ಅಂದಿನಿಂದ ಆಕೆ ಹೊರಗಿನ ಕಟ್ಟೆಗೆ ಬರುವುದನ್ನೇ ಬಿಟ್ಟಳು. ಮೊದಲು ಊಟ ಬಿಟ್ಟರೂ ಕಟ್ಟೆ ಬಿಡುತ್ತಿರಲಿಲ್ಲ. ದಿನವೆಲ್ಲ ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಓಣಿಯ ಹೆಂಗಸರ ಜೊತೆ ಹರಟುತ್ತಿದ್ದವಳು, ಈಗ ಒಳಕೋಣೆಯಲ್ಲಿ ಮಾತಿಲ್ಲದೆ ಕೂತಳು. ನನಗದನ್ನು ನೋಡಲಾಗುತ್ತಿರಲಿಲ್ಲ.

ಟೆಲಿಫೋನಿನವರನ್ನು ಕೇಳಿದರೆ "ಇದು ನಮ್ದಲ್ರಿ." ಕೇಬಲ್‌ನವನು "ನಮ್ದ ಇರಬೇಕ್ರಿ, ಆದ್ರ ಕಡೀಬ್ಯಾಡ್ರಿ" ಎಂದು ಹೋದವನು ಮತ್ತೆ ಫೋನ್ ಎತ್ತಲಿಲ್ಲ. ಲೈನ್‌ಮನ್ "ಮೀಟರ್‌ತನಕ ನಮ್ದು, ಮುಂದ ನಿಮ್ದು" ಎಂದ. ತಲೆ ಕೆಟ್ಟು ರಾಣೆಬೆನ್ನೂರಿನಿಂದ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅವನು ಒಂದೊಂದನ್ನೇ ತುದಿಯಿಂದ ತುದಿಗೆ ಹಿಡಿದು ನೋಡಿ, ಆರು ಬಂದ್, ನಾಲ್ಕು ಚಾಲೂ ಎಂದ. ಶಾಕ್ ಹೊಡೆದದ್ದು ಹಂದರದ ವೈರು. ಅದರ ತುದಿ ಇನ್ನೂ ಬೋರ್ಡಿನಲ್ಲೇ ಇತ್ತು. ಅದನ್ನೂ ಬಿಡಿಸಿ ಬಂದ್ ಇದ್ದವನ್ನು ಏಳು ಮಾಡಿ, "ನಾಳೆ ನಮ್ಮ ಕಾಕಾ ಬಂದು ಮೇನ್ ಆಫ್ ಮಾಡಿ ಕಡೀತಾನ್ರಿ. ಬಂದ್ ಇದ್ದದ್ದಕ್ಕ ಏನರೆ ಗುರುತು ಕಟ್ಟಿಡ್ರಿ" ಎಂದು ಹೋದ.

ಹೆಂಡತಿ "ಅರಿವಿ ಚಿಂದಿ ಕಟ್ರಿ" ಎಂದಳು. ನಾನೆಲ್ಲಿ ಕೇಳುತ್ತೇನೆ. ಮನೆ ತುಂಬ ಮೆಣಸಿನಕಾಯಿ ಇರುವಾಗ ಚಿಂದಿ ಯಾರು ಹುಡುಕುತ್ತಾರೆ? ಕೆಂಪಗೆ ಎದ್ದು ಕಾಣಲಿ ಎಂದು ಏಳಕ್ಕೂ ಎರಡೆರಡು ಮೆಣಸಿನಕಾಯಿ ದಾರದಲ್ಲಿ ಕಟ್ಟಿದೆ. ಮರುದಿನ ನಾವಿಬ್ಬರೂ ಹಾವೇರಿಗೆ ಹೋಗಬೇಕಿತ್ತು. ಕಾಕಾನಿಗೆ ಫೋನಿನಲ್ಲಿ "ಗುರುತು ಕಟ್ಟೇನಿ, ನೋಡಿ ಮಾಡ್ರಿ" ಎಂದಷ್ಟೇ ಹೇಳಿದೆ.

ಮಧ್ಯಾಹ್ನ ಬಂದು ನೋಡಿದರೆ ಏಳೂ ವೈರುಗಳು ಮೆಣಸಿನಕಾಯಿ ಕಟ್ಟಿಕೊಂಡು ಮೆರೆಯುತ್ತಿದ್ದವು. ಚಾಲೂ ಇದ್ದ ಮೂರೂ ಅಂಗಳದಲ್ಲಿ ಸುರುಳಿಯಾಗಿ ಬಿದ್ದಿದ್ದವು, ಕಾಕಾ ಪಕ್ಕದಲ್ಲೇ ತನ್ನ ಸಾಮಾನು ಕಟ್ಟುತ್ತಿದ್ದ. ಇಂಟರ್ನೆಟ್ ಹೋಯಿತು, ಬೋರಿನ ಮೋಟಾರು ಹೋಯಿತು, ಮೀಟರಿನಿಂದ ಮನೆಗೆ ಬರುವ ಕರೆಂಟೂ ಹೋಯಿತು.

"ಏನ್ ಮಾಡೀರಿ ಕಾಕಾ ಇದು?"

ಕಾಕಾ ನನ್ನನ್ನೇ ಹುಚ್ಚನೆಂಬಂತೆ ನೋಡಿದ. "ದೃಷ್ಟಿಗೆ ಕಟ್ಟಿದ್ದನ್ನ ಯಾರರೆ ಕಡೀತಾರೇನ್ರಿ? ಉಳಿಸಾಕಂತನ ಕಟ್ಟೀರಿ ಅಂತ ತಿಳದೆ."

ಹೆಂಡತಿ ಒಳಗಿನಿಂದ ಒಂದು ಅರಿವಿ ಚಿಂದಿ ತಂದು ನನ್ನ ಕೈಗಿಟ್ಟಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸಿಟ್ಟಿನಲ್ಲಿ ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿದೆ. ಅಷ್ಟರಲ್ಲಿ ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಳು.

"ಮನಿಗಿ ಕರೆಂಟ ಇಲ್ಲೇನು ಈಗ?"

"ಎಲ್ಲಿ ಕರೆಂಟವ್ವ, ಪೂರಾ ಕಡದಾನ."

"ಖರೇ?"

"ಖರೇ."

ಅವ್ವ ಒಳಗೆ ಹೋಗಿ ಮೆಣಸಿನಕಾಯಿಯ ಮೊರ ಹಿಡಿದು ಬಂದಳು. ಗೋಡೆಯನ್ನೊಮ್ಮೆ ನೋಡಿದಳು, ಮೆಲ್ಲಗೆ ಕಟ್ಟೆಯ ಮೇಲೆ ಕೂತಳು. ಎದುರುಮನೆಯವಳನ್ನು ಕೂಗಿ ಕರೆದಳು.

"ಈಗ ಬಂದು ಜೋಡಿಸಿ ಕೊಡಲೇನ್ರಿ?" ಎಂದು ಫೋನಿನಲ್ಲಿ ಎಲೆಕ್ಟ್ರಿಷಿಯನ್ ಕೇಳುತ್ತಿದ್ದ.

"ಬ್ಯಾಡಪಾ," ಎಂದೆ, "ನಾಳೆ ಬಾ."