ಮೂರನೇ ಮದ್ದಿನ ಮುದ್ದಣ್ಣ

ಮೂವತ್ತು ವರ್ಷ ಮೀನಿನ ಬೋಟು ನಡೆಸಿದ ಕಾಪುವಿನ ಮುದ್ದಣ್ಣ ಮಣಿಪಾಲದ ಕೀಮೋ ವಾರ್ಡಿಗೆ ಬರುವುದು ರೋಗಿಯಾಗಿ ಅಲ್ಲ, ತಪಾಸಣೆಗೆ ಬಂದ ಮೇಲಧಿಕಾರಿಯಾಗಿ. ಕಿಟಕಿ ಬದಿಯ ಕುರ್ಚಿ ಅವರಿಗೇ ಮೀಸಲು. ಸೂಜಿ ಹಿಡಿದ ನರ್ಸಿಗೆ, "ಆ ನರ ಬೇಡ ಸಿಸ್ಟರ್, ಅದು ಹೋದ ತಿಂಗಳೇ ರಿಟೈರ್ ಆಗಿದೆ," ಎಂದು ಅಪ್ಪಣೆ ಕೊಡುತ್ತಾರೆ. ಕರುಳಿನ ಕ್ಯಾನ್ಸರು ಲಿವರಿಗೆ ದಾಟಿದ್ದನ್ನು ಹೇಳುವಾಗಲೂ ಬಡ್ತಿ ಸಿಕ್ಕಿದವರ ಗತ್ತು. "ಎರಡು ಮದ್ದು ನನ್ನೆದುರು ಸೋತುಹೋಯ್ತು ಮಾರಾಯ್ರೆ! ಈಗ ಮೂರನೆಯದು, ಗುಳಿಗೆಯೂ ಡ್ರಿಪ್ಪೂ ಒಟ್ಟಿಗೆ. ಒಂದು ಬೋಟಿಗೆ ಸಿಗದ ಮೀನಿಗೆ ಎರಡು ಬೋಟು ಸೇರಿ ಬಲೆ ಎಳೆಯುವುದಿಲ್ವಾ, ಹಾಗೆ," ಎಂಬ ಭಾಷಣ ಅಕ್ಕಪಕ್ಕದವರಿಗೆ ಕಡ್ಡಾಯ, ಕೇಳದೆ ಮಲಗಿದವರನ್ನು ಕೆಮ್ಮಿ ಎಬ್ಬಿಸುತ್ತಾರೆ. ಅವರ ಬಾಯಿ ಮುಚ್ಚಿಸುವ ಆಸೆಯನ್ನು ಹೆಂಡತಿ ಬೇಬಿ ಎಂದೋ ಬಿಟ್ಟಿದ್ದಾರೆ. ಮೊನ್ನೆ ಪಕ್ಕದ ಕುರ್ಚಿಗೆ ಕಾರ್ಕಳದ ಯುವತಿಯೊಬ್ಬಳು ಬಂದಳು. ಅದೇ ರೋಗ, ಅವತ್ತೇ ಮೊದಲ ಡ್ರಿಪ್ಪು; ಸೂಜಿ ಕಂಡೊಡನೆ ಕೈಯನ್ನು ದುಪ್ಪಟ್ಟಾದೊಳಗೆ ಎಳೆದುಕೊಂಡಳು. "ಅಂಕಲ್, ನಿಮಗೆ ಇದು ಎಷ್ಟನೇ ಮದ್ದು?" ಎಂದು ಕೇಳಿದಳು. ಇನ್ನು ಭಾಷಣ ಶುರುವಾಯಿತೆಂದು ಬೇಬಿ ಹಣೆ ಒತ್ತಿಕೊಂಡರು. ಮುದ್ದಣ್ಣ ಹೆಂಡತಿಯ ಕಡೆ ನೋಡಲಿಲ್ಲ. "ಮೊದಲನೆಯದೇ ಮಗಾ," ಎಂದರು. "ನನಗೂ ಸ್ವಲ್ಪ ಹೆದರಿಕೆ ಉಂಟು."