ಹುಲೆಪ್ಪ ಮಳೆ ಬೇಡದ ದಿನ

ಜೇವರ್ಗಿ ಸೀಮೆಯ ಒಂದು ಸರ್ಕಾರಿ ಕಚೇರಿಯಲ್ಲಿ ಹುಲೆಪ್ಪ ಹದಿನಾರು ವರ್ಷದಿಂದ ದಿನಗೂಲಿ ಜವಾನ. ಕಸ ಹೊಡೆಯುವವನೂ ಅವನೇ, ದೂರದ ಬಾವಿಯಿಂದ ಕೊಡ ಹೊತ್ತು ತರುವವನೂ ಅವನೇ. ಎಂಬತ್ತೇಳರ ಮುಂಗಾರಿನಲ್ಲಿ ಅವನನ್ನು ಕಾಯಂ ಮಾಡುವ ಕಾಗದ ಅಂತೂ ಇಂತೂ ಸಾಹೇಬರ ಮೇಜಿಗೆ ಬಂತು. ಒಂದು ಸಹಿ ಬಿದ್ದರೆ ಬಾಳು ಹಸನಾಗುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಹುಕುಂ ಬಂತು ನೋಡಿ! ಮಳೆ ಹೋಗಿದೆ, ಸರ್ಕಾರದ ವತಿಯಿಂದ ಸರ್ವಧರ್ಮ ಪ್ರಾರ್ಥನೆ ಮಾಡಿಸಬೇಕಂತೆ. ಹೆಡ್ ಕ್ಲರ್ಕ್ ದೌಲತರಾಯ ಪಟ್ಟಿ ಹಾಕಿದ. ಮಠದವರು ಸಿಕ್ಕರು, ಪೂಜಾರಿ ಸಿಕ್ಕ, ದರ್ಗಾದವರೂ ಹೂಂ ಅಂದರು. ಬೌದ್ಧರ ಸಾಲು ಮಾತ್ರ ಖಾಲಿ. ಹುಲೆಪ್ಪನ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದು ಆಗ ಎಲ್ಲರಿಗೂ ನೆನಪಾಯಿತು. ಊರ ಗುಡಿಯ ಕಟ್ಟೆ ಹತ್ತಗೊಡದವರಿಗೆ ಈಗ ಅವನ ಧರ್ಮ ಬೇಕಾಯಿತು, ಏನು ಹೇಳೋಣ!

ಹುಲೆಪ್ಪ ಸಾಹೇಬರ ಬಳಿ ಹೋದ. ಮಳೆ ಕೊಡಪ್ಪಾ ಎಂದು ಬೇಡಲಿಕ್ಕೆ ತಮ್ಮಲ್ಲಿ ಮೇಲೆ ಯಾರೂ ಇಲ್ಲ ಎಂದು ಎರಡು ಸಲ ಹೇಳಿ ನೋಡಿದ. ಪ್ರಾರ್ಥನೆ ಮುಗಿಯಲಿ, ಸಹಿ ಆಮೇಲೆ ಎಂದು ಸಾಹೇಬರು ಕಾಗದವನ್ನು ಪಕ್ಕಕ್ಕೆ ಸರಿಸಿದರು. ಎರಡು ಮಾತು ಅಂದು ಇಳಿದು ಬಾ, ನಿನ್ನ ಗಂಟೇನು ಹೋಗುತ್ತದೆ ಎಂದು ಹೆಂಡತಿ ಮರೆಮ್ಮ ಗೋಗರೆದಳು. ಅವಳಿಗೂ ಸಾಕುಸಾಕಾಗಿತ್ತು.

ಸೋಮವಾರ ಶಾಮಿಯಾನದ ತುಂಬ ಮಂದಿ. ಜಿಲ್ಲೆಯ ಅಧಿಕಾರಿಗಳೂ ಬಂದಿದ್ದರು. ಸರದಿ ಬಂದಾಗ ಹುಲೆಪ್ಪ ಮೈಕಿನ ಮುಂದೆ ನಿಂತ. ಬುದ್ಧ, ಧಮ್ಮ, ಸಂಘಕ್ಕೆ ಶರಣು ಎನ್ನುವ, ಅಪ್ಪ ಕಲಿಸಿದ ತ್ರಿಸರಣ ಹೇಳಿ ಮುಗಿಸಿದ. ಮಳೆ ಬೇಡು, ಮಳೆ ಬೇಡು ಎಂದು ದೌಲತರಾಯ ಹಿಂದಿನಿಂದ ಅಂಗಿ ಜಗ್ಗಿದ. ಹುಲೆಪ್ಪ ಅಂಗಿ ಬಿಡಿಸಿಕೊಂಡ.

ಸಾಹೇಬರಿಗೆ ಮೇಲಿನವರ ಮುಂದೆ ಮರ್ಯಾದೆ ಹೋದಂತಾಯಿತು. ಕೂತಲ್ಲಿಂದಲೇ ಕೇಳಿದರು, "ಯಾಕಲೇ, ನಿನಗ ಮಳಿ ಬ್ಯಾಡೇನು?"

"ಬೇಕ್ರಿ ಸಾಹೇಬ್ರ. ನೀರ ಹೊತ್ತ ಹೊತ್ತ ಸಾಕಾಗೇದ. ಆದ್ರ ಇಲ್ಲದವ್ರನ್ನ ಹ್ಯಾಂಗ ಬೇಡ್ಲಿ?" ಮೈಕು ಹುಲೆಪ್ಪನ ಉಸಿರನ್ನೂ ಹೊರಗೆ ಹಾಕುತ್ತಿತ್ತು. "ನೀವರ ಎದುರಿಗೆ ಅದೀರಿ. ನಿಮ್ಮನ್ನ ಬೇಡ್ತೇನಿ, ನಮ್ಮ ಕೇರಿಗಿ ಒಂದ್ ಬೋರ್ ಹಾಕಸ್ರಿ."

ಹಿಂದೆ ನಿಂತಿದ್ದ ಕೇರಿಯವರು ಚಪ್ಪಾಳೆ ಹೊಡೆದರು. ಕುರ್ಚಿಯವರು ಯಾರೂ ಹೊಡೆಯಲಿಲ್ಲ.

ಮನೆಗೆ ಬಂದ ಗಂಡನಿಗೆ ಮರೆಮ್ಮ ಬೈಯಲಿಲ್ಲ, ಅತ್ತಳು. ಕಾಗದ ಸಹಿಯಿಲ್ಲದೆ ವಾಪಸ್ ಹೋಯಿತು. ಮಳೆಯೇನೋ ಮುಂದಿನ ವರ್ಷ ತಾನಾಗಿ ಬಂತು. ಬೋರು ಬರಲಿಲ್ಲ. ಹುಲೆಪ್ಪ ದಿನಗೂಲಿಯವನಾಗಿಯೇ ಸತ್ತ.